ಸೊಂಟಕ್ಕೆ ಕಾಲಿಡುವ ಭೀಮಶಾ

ಭೀಮಶಾ ಹುಟ್ಟುವಾಗ ಕಾಲು ಮುಂದೆ ಮಾಡಿ ಬಂದವನು. ಇಪ್ಪತ್ತೇಳು ವರ್ಷದ ಬಾಳಿನಲ್ಲಿ ಅವನ ಯಾವುದಾದರೂ ಒಂದು ಅಂಗ ಮುಂದೆ ಬಂದದ್ದು ಅಂದೊಂದೇ ಸಲ. ಅಫಜಲಪುರದ ಅವನ ಓಣಿಗೆ ಅಷ್ಟೇ ಸಾಕಾಗಿತ್ತು. ಕಾಲು ಮುಂದಾಗಿ ಹುಟ್ಟಿದವರು ಹಿಡಿದ ಸೊಂಟಕ್ಕೆ ಎಡಗಾಲನ್ನು ಮೂರು ಸಲ ತಾಗಿಸಿದರೆ ನೋವು ಬಿಡುತ್ತದೆಂದು ಅಲ್ಲಿಯವರ ನಂಬಿಕೆ. ಹೀಗಾಗಿ ಮೀಸೆ ಮೂಡುವ ಮೊದಲೇ ಅವನು ಊರ ಹಿರಿಯರನ್ನೆಲ್ಲ ಬೋರಲು ಮಲಗಿಸಿ ಒದ್ದಿದ್ದ. ಒದ್ದು ಆಶೀರ್ವಾದವನ್ನೂ ಪಡೆದಿದ್ದ.

ಈಗ ಅವನದೇ ಸೊಂಟ ಹೋಗಿತ್ತು. ಗ್ಯಾಸ್ ಏಜೆನ್ಸಿಯ ಗೋದಾಮಿನಲ್ಲಿ ಲಾರಿಯಿಂದ ತುಂಬಿದ ಸಿಲಿಂಡರ್ ಇಳಿಸುವಾಗ ಚಳಕು ಹೊಡೆದದ್ದು, ಬಿಟ್ಟೇ ಇರಲಿಲ್ಲ. ಚಪ್ಪಲಿ ಮೆಟ್ಟಲೂ ಅವ್ವ ಸಕ್ಕುಬಾಯಿಯ ಹೆಗಲು ಬೇಕು. ಇಬ್ಬರ ಹೊಟ್ಟೆಯೂ ಆ ಗೋದಾಮಿನ ಕೂಲಿಯ ಮೇಲೆಯೇ ನಿಂತಿತ್ತು. ಏಜೆನ್ಸಿಯ ಸಾವ್ಕಾರ ಶಿವಪ್ರಕಾಶ ಫೋನಿನಲ್ಲಿ ಸಿಟ್ಟು ಮಾಡಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು.

"ಪಂಚಮಿ ಮುಗದ ಸೋಮವಾರ ಲಾರಿ ಬರ್ತದ. ಬಂದು ಖಾಲಿ ಮಾಡಿದಿ ಅಂದ್ರ ಕೆಲಸ ನಿಂದು. ಇಲ್ಲಂದ್ರ ಪರಮೇಶಗ ಹೇಳಿಟ್ಟೇನಿ."

ಸಕ್ಕುಬಾಯಿ ಕೈಕಟ್ಟಿ ಕೂಡುವವಳಲ್ಲ. "ನಿನ್ನಂಗ ಹುಟ್ಟಿದಾಂವ ಕೊಳಕೂರದಾಗ ಒಬ್ಬ ಅದಾನಂತ, ದಾವಲಸಾಬ. ಏಳು, ಒದಿಸ್ಕೊಂಡು ಬರೂಣು."

"ಯವ್ವಾ, ಬಸ್ಸಿನ ಕುಲುಕಾಟಕ್ಕ ನಾ ದಾರ್‍ಯಾಗ ಮುರಿತೇನಿ."

"ಮುರದ್ರ ಅಲ್ಲೇ ಕೂಡಸ್ತಾನ, ನಡೀ."

ದಾವಲಸಾಬ ಒಂದು ಕಾಲದ ಪೈಲ್ವಾನ. ಅವನು ಕಾಲು ತಾಗಿಸುವವನಲ್ಲ, ಪೂರ್ತಿ ಹತ್ತಿ ನಿಲ್ಲುವವನು. ಭೀಮಶಾ ತಿರುಗಿ ಬಂದದ್ದು ಟಂಟಂ ಆಟೋದ ಸೀಟಿನ ಮೇಲೆ ಮೂಟೆಯ ಹಾಗೆ ಅಡ್ಡಡ್ಡ ಮಲಗಿ. ತಾನು ಇಷ್ಟು ವರ್ಷ ಒದ್ದವರ ಮೇಲೆ ಅವನಿಗೆ ಮೊದಲ ಸಲ ಕನಿಕರ ಹುಟ್ಟಿತು.

ಕೊನೆಗೆ ಉಳಿದದ್ದು ದವಾಖಾನೆ. ಅಲ್ಲಿ ವ್ಯಾಯಾಮ ಕಲಿಸುವ ಮುಸ್ಕಾನ ಅವನನ್ನು ಚಾಪೆಯ ಮೇಲೆ ಮಲಗಿಸಿ, ಮೊಣಕಾಲು ಮಡಚಿಸಿ, ಹೊಟ್ಟೆ ಬಿಗಿಹಿಡಿದು ಸೊಂಟ ಮೇಲೆತ್ತಲು ಹೇಳಿದಳು. ನಾಲ್ಕು ಉಸಿರಿಗೇ ಅವನ ತೊಡೆ ತರತರ ನಡುಗಿತು. ತುಂಬಿದ ಸಿಲಿಂಡರ್ ಹೆಗಲಿಗೇರಿಸುತ್ತಿದ್ದ ಗಂಡಸಿಗೆ ತನ್ನ ಕುಂಡೆ ತಾನೇ ಎತ್ತಲಾಗಲಿಲ್ಲ.

"ತೋಳು ಗಟ್ಟಿ ಅದಾವ್ರಿ ನಿಮ್ಮವು, ಹೊಟ್ಟಿ ಒಳಗಿನ ಸ್ನಾಯು ಸಡ್ಲ. ಇಷ್ಟು ದಿನ ಎಲ್ಲಾ ಭಾರ ಬೆನ್ನ ಹೊತ್ತದ" ಎಂದಳು ಮುಸ್ಕಾನ. "ದಿನಾ ಇದನ್ನ ಮಾಡ್ರಿ. ಜೋಡಿಗೆ ಸಪಾಟ ದಾರ್‍ಯಾಗ ಸಾವಕಾಶ ಸೈಕಲ್ ಹೊಡೀರಿ. ಸೀಟ ಎತ್ತರ ಇರ್ಲಿ, ಬೆನ್ನು ಬಾಗಬಾರ್ದು. ಕಾಲು ಜೋಮು ಹಿಡದ್ರ ನಿಲ್ಲಿಸ್ರಿ."

"ಸೋಮವಾರದೊಳಗ ಆರಾಮ ಆಗ್ತದೇನ್ರಿ ಮೇಡಂ?"

"ಯಾವ ಸೋಮವಾರ? ದೀಪಾವಳಿ ತನಕ ಭಾರದ ಹೆಸರು ತಗೀಬ್ಯಾಡ್ರಿ."

ದೀಪಾವಳಿಯವರೆಗೆ ಕಾಯಲು ಸಾವ್ಕಾರನೇನು ಅವನ ಮಾವನೇ? ಭೀಮಶಾ ತನ್ನದೇ ಲೆಕ್ಕ ಹಾಕಿದ: ಸ್ವಲ್ಪ ತುಳಿದರೆ ಸ್ವಲ್ಪ ಗುಣವೆಂದಾದರೆ, ಹೆಚ್ಚು ತುಳಿದರೆ ಬೇಗ ಗುಣ. ನೆರೆಮನೆಯ ಹಳೆಯ ಸೈಕಲ್ ಇಸಿದುಕೊಂಡ. ಅದರ ಸೀಟಿನ ಬೋಲ್ಟು ತುಕ್ಕು ಹಿಡಿದು ಮೇಲೇಳಲಿಲ್ಲ; ಇವನಿಗೂ ತಾಳ್ಮೆ ಇರಲಿಲ್ಲ. ಮೊಣಕಾಲು ಎದೆಗೆ ಬಡಿಯುತ್ತ, ಬೆನ್ನು ಬಿಲ್ಲಾಗಿಸಿ, ಎದುರುಗಾಳಿಯಲ್ಲಿ ಅತನೂರಿನ ದಾರಿ ಹಿಡಿದ. ಮುಂದೆ ದನ ಮೇಯಿಸುವವರು ಅವನನ್ನು ಇಳಿಸಬೇಕಾಯಿತು. ಸೈಕಲ್ಲು ನೆಟ್ಟಗೆ ನಿಂತಿತ್ತು, ಅವನು ನಿಂತಿರಲಿಲ್ಲ.

ಸೋಮವಾರ ಬಂತು. ಗೋದಾಮಿಗೆ ಗೋಡೆ ಹಿಡಿದು ನಡೆದ. ಲಾರಿಯ ಪಕ್ಕದಲ್ಲಿ ಪರಮೇಶ ಟವೆಲ್ಲನ್ನು ತಲೆಗೆ ಸುತ್ತಿ ಆಗಲೇ ಸಿದ್ಧನಾಗಿದ್ದ. ಆದರೆ ಯಾರೂ ಕೆಲಸ ಶುರು ಮಾಡಿರಲಿಲ್ಲ. ಬಾಗಿಲ ಬಳಿ ಶಿವಪ್ರಕಾಶ ಅರ್ಧ ಬಾಗಿದವನು ಹಾಗೇ ನಿಂತಿದ್ದ. ಶಟರ್ ಎತ್ತಲು ಹೋಗಿ ಸೊಂಟ ಹಿಡಿದಿತ್ತು.

"ಬಂದ್ಯಾ? ದೇವರು ಬಂದಂಗ ಬಂದಿ ನೋಡಪಾ! ಕಾಲ ಇಡು ಲಗೂನ!"

ಸಾವ್ಕಾರ ಗೋಣಿಚೀಲದ ಮೇಲೆ ಬೋರಲಾದ. ಎಡಗಾಲು ಎತ್ತಬೇಕೆಂದರೆ ಬಲಗಾಲ ಮೇಲೆ ನಿಲ್ಲಬೇಕು. ಭೀಮಶಾಗೆ ಎರಡು ಕಾಲಿನ ಮೇಲೆ ನಿಲ್ಲುವುದೇ ದೊಡ್ಡ ಸಾಹಸವಾಗಿತ್ತು. ಆಗುವುದಿಲ್ಲವೆಂದರೆ ಅಲ್ಲಿಗೇ ಕೆಲಸ ಮುಗಿಯಿತು. ಮುಸ್ಕಾನ ಹೇಳಿದಂತೆ ಹೊಟ್ಟೆ ಬಿಗಿಹಿಡಿದ, ಹಲ್ಲು ಕಚ್ಚಿದ. ಒಂದು. ಕಣ್ಣಿಗೆ ಕತ್ತಲೆ ಬಂತು. ಎರಡು. ಬೆವರು ಸಾವ್ಕಾರನ ಅಂಗಿಯ ಮೇಲೆ ತೊಟ್ಟಿಕ್ಕಿತು. ಮೂರು.

ಶಿವಪ್ರಕಾಶ ಎದ್ದ. ಆಚೆಈಚೆ ಹೊರಳಿ ನೋಡಿಕೊಂಡ. "ಹೋತು ಲೇ! ಖರೇನ ಹೋತು!" ಎಂದು ಹಿಗ್ಗಿ ಭೀಮಶಾನ ಬೆನ್ನಿಗೆ ಒಂದು ಗುದ್ದಿದ. "ಒಂಟಿ ಕಾಲಮ್ಯಾಲ ನಿಂತಿ ಅಂದಮ್ಯಾಲ ನೀ ಆರಾಮ ಅದಿ. ಹತ್ತು, ಲಾರಿ ಖಾಲಿ ಮಾಡು."

ಭೀಮಶಾ ಲಾರಿಯ ಅಂಚಿನ ಸಿಲಿಂಡರಿಗೆ ಕೈ ಹಾಕಿದ. ಎಳೆದ. ಬಲಗಾಲು ತೊಡೆಯಿಂದ ಬೆರಳ ತನಕ ಜೋಮುಗಟ್ಟಿ ತನ್ನದಲ್ಲವೆನಿಸಿತು. ಇದನ್ನು ಇಳಿಸಿದರೆ ಇಂದಿನ ಕೂಲಿ ಸಿಗುತ್ತದೆ, ನಾಳೆಯಿಂದ ಅವ್ವ ತನ್ನನ್ನು ಹೊತ್ತು ತಿರುಗಬೇಕಾಗುತ್ತದೆ. ಕೈ ಬಿಟ್ಟ.

"ಆಗೂದಿಲ್ರಿ ಸಾವ್ಕಾರ್‍ರ."

"ನನ್ನ ಬ್ಯಾನಿ ತಗದಾಂವಗ ನಿಂದೇನು ದೊಡ್ದು?"

"ನನ್ನ ಟೊಂಕಕ್ಕ ನನ್ನ ಕಾಲ ಮುಟ್ಟೂದಿಲ್ರಿ."

ಪರಮೇಶ ನಕ್ಕ. ನಕ್ಕವನು ತಲೆ ತಗ್ಗಿಸಿ ಲಾರಿ ಹತ್ತಿದ. ಮೊದಲ ಸಿಲಿಂಡರ್ ನೆಲಕ್ಕೆ ಬಂತು, ಎರಡನೆಯದೂ ಬಂತು. ಶಿವಪ್ರಕಾಶ ಮೋರೆ ತಿರುಗಿಸಿ ಇಳಿದ ಸಿಲಿಂಡರ್ ಎಣಿಸಿಕೊಂಡ. ಕೆಟ್ಟ ಮನುಷ್ಯನೇನಲ್ಲ, ಲಾರಿ ಕಾಯುವುದಿಲ್ಲ ಅಷ್ಟೇ. ಆಮೇಲೆ ಮೆಲ್ಲಗೆ ಅಂದ:

"ಅಮಾಸಿಗೆ ಇನ್ನೊಮ್ಮಿ ಕಾಲ ಇಡಿಸ್ಕೊಂಡ್ರ ಛಲೋ ಅಂತಾರ. ಬರ್ತೇನಿ. ಮನ್ಯಾಗ ಇರ್ತಿ ಇಲ್ಲೋ?"

"ಮನ್ಯಾಗ ಇರ್ತೇನ್ರಿ," ಎಂದ ಭೀಮಶಾ. "ಇನ್ನೆಲ್ಲಿಗೆ ಹೋಗ್ಲಿ?"