ಪಿನಾಂಗಿನ ತವರ

1942ರಲ್ಲಿ ನಾನು ಮಂಗಳೂರಿನ ಹಂಪನಕಟ್ಟೆ ಬಳಿ ಒಂದು ಬಸ್ ಕಂಪನಿಯ ವರ್ಕ್‌ಶಾಪಿನಲ್ಲಿ ಹೆಡ್ ಮೆಕ್ಯಾನಿಕ್ ಆಗಿದ್ದೆ. ಯುದ್ಧದಿಂದಾಗಿ ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಅದನ್ನು ಹೇಗೋ ಸಹಿಸಿಕೊಂಡಿದ್ದೆವು. ನಮ್ಮನ್ನು ನಿಜವಾಗಿ ಸತಾಯಿಸಿದ್ದು ಬೇರಿಂಗ್.

ಆಗಿನ ಇಂಜಿನ್ ಬೇರಿಂಗಿಗೆ ವೈಟ್ ಮೆಟಲ್ ಎಂಬ ಮಿಶ್ರಲೋಹವನ್ನು ಕರಗಿಸಿ ಎರೆಯುತ್ತಿದ್ದೆವು. ಅದರಲ್ಲಿ ಹೆಚ್ಚಿನ ಪಾಲು ತವರ, ಜೊತೆಗೆ ಸ್ವಲ್ಪ ಆಂಟಿಮನಿ, ಸ್ವಲ್ಪ ತಾಮ್ರ. ನಮಗೆ ತವರ ಮಲಯದಿಂದ ಬರಬೇಕು. ಫೆಬ್ರವರಿಯಲ್ಲಿ ಸಿಂಗಾಪುರ ಜಪಾನಿನ ಕೈಸೇರಿದ್ದೇ ತಡ, ಪ್ರಪಂಚದ ಮಾರುಕಟ್ಟೆಯಲ್ಲಿ ತವರಕ್ಕೆ ಹಾಹಾಕಾರ ಎದ್ದಿತು. ಸಿಕ್ಕಿದ್ದೆಲ್ಲ ಮಿಲಿಟರಿ ಗಾಡಿಗಳಿಗೆ ಹೋಯಿತು. ಕಡೂರು ಬಸ್ಸಿನ ಬೇರಿಂಗ್ ಹೋದಾಗ ಸೀಸ ಹೆಚ್ಚು ಸೇರಿಸಿ ಎರೆದು ನೋಡಿದೆ. ಚಾರ್ಮಾಡಿ ಘಾಟಿ ಹತ್ತುವಾಗಲೇ ಅದು ಕರಗಿಹೋಯಿತು. ಬೊಂಬಾಯಿಯಲ್ಲಿ ಹಡಗಿಳಿದು ರೈಲಿನಲ್ಲಿ ಕಡೂರಿಗೆ ಬಂದಿಳಿದವರನ್ನು ಊರಿಗೆ ತರುತ್ತಿದ್ದ ನಮ್ಮ ಬಸ್ ಅದೊಂದೇ.

ಬಂದರಿನ ಕಬ್ಬಿಣದ ವ್ಯಾಪಾರಿ ಇಬ್ರಾಹಿಂ ಬ್ಯಾರಿಯ ತಮ್ಮ ಹಂಝ ಮಲಯದ ಪಿನಾಂಗಿನಲ್ಲಿದ್ದ. ಅಣ್ಣನ ಅಂಗಡಿಗೆ ತವರದ ಗಟ್ಟಿಗಳನ್ನು ಕಳಿಸುತ್ತಿದ್ದವನು ಅವನೇ. ನಾನು ಬ್ಯಾರಿಯ ಮನೆಗೇ ಹೋದೆ.

"ಒಂದು ಗಟ್ಟಿ ಉಂಟು ಮೇಸ್ತ್ರಿ, ಸುಳ್ಳು ಹೇಳುದಿಲ್ಲ," ಎಂದರು ಬ್ಯಾರಿ. "ಹಂಝನ ಸುದ್ದಿಯೇ ಇಲ್ಲ. ಅವ ಕಳಿಸಿದ್ದರಲ್ಲಿ ಉಳಿದದ್ದು ಅದೊಂದೇ. ಉಮ್ಮ ತಲೆದಿಂಬಿನ ಹತ್ತಿರ ಇಟ್ಟುಕೊಂಡಿದ್ದಾರೆ, ಮುಟ್ಟಲಿಕ್ಕೆ ಬಿಡುದಿಲ್ಲ."

ನನಗೆ ಸಿಟ್ಟು ಬಂತು. ಬಸ್ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿದ್ದರೆ ಇಲ್ಲಿ ತವರ ಮಲಗಿ ನಿದ್ದೆ ಮಾಡುತ್ತಿದೆ!

"ಎಂತ ಬ್ಯಾರಿಗಳೇ, ಕಡೂರಿಗೆ ಯಾರು ಬಂದಿಳಿದರೂ ಘಾಟಿಯ ಆಚೆಯೇ ಬಿದ್ದಿರಬೇಕಾ?" ಎಂದೆ.

ಪರದೆಯ ಹಿಂದಿನಿಂದ ಬ್ಯಾರಿಯ ಮುದಿತಾಯಿಯ ದನಿ ಕೇಳಿತು. "ಯಾರು ಬಂದರೂ?"

"ಯಾರು ಬಂದರೂ, ಉಮ್ಮ."

ಆಮೇಲೆ ಬಿಳಿ ಬಟ್ಟೆ ಸುತ್ತಿದ ಗಟ್ಟಿ ಪರದೆಯ ಅಡಿಯಿಂದ ಈಚೆಗೆ ಬಂತು.

"ತಕೊಂಡು ಹೋಗಿ. ಬಸ್ ಇಲ್ಲದೆ ಹಂಝ ಹೇಗೆ ಬರುವುದು?"

ಆ ತವರವನ್ನು ಒಂದು ಹನಿಯೂ ಚೆಲ್ಲದಂತೆ ಕರಗಿಸಿ ಎರೆದೆ. ಬೇರಿಂಗ್ ಚೆನ್ನಾಗಿ ಕೂತಿತು, ಬಸ್ ಘಾಟಿ ಹತ್ತಿಳಿಯತೊಡಗಿತು. ಬಸ್ ಬರುವ ಪ್ರತಿ ಸಂಜೆ ಬ್ಯಾರಿ ಹಂಪನಕಟ್ಟೆಗೆ ಬಂದು ಇಳಿಯುವವರ ಮುಖ ನೋಡುತ್ತಿದ್ದರು. ನನಗೂ ಅದೇ ಚಾಳಿ ಹತ್ತಿತು. ನಾನು ದೆವ್ವಭೂತ ನಂಬುವವನಲ್ಲ. ಆದರೂ ಎಲ್ಲರೂ ಇಳಿದ ಮೇಲೆ ಒಳಗೆ ಇನ್ನೊಬ್ಬ ಕೂತಿದ್ದಾನೆ ಎನಿಸಿ ಮೈ ಜುಮ್ಮೆನ್ನುತ್ತಿತ್ತು.

ಮಳೆಗಾಲ ಮುಗಿದ ಮೇಲೆ, ಬಡಕಲು ಮನುಷ್ಯನೊಬ್ಬ ಬಸ್ಸಿನಿಂದಿಳಿದು ಬ್ಯಾರಿಯ ಮನೆ ಕೇಳಿದ. ಪಿನಾಂಗಿನಿಂದ ಸಿಂಗಾಪುರಕ್ಕೆ ಓಡಿ, ಅಲ್ಲಿಂದ ಹಡಗು ಹತ್ತಿ ಪಾರಾಗಿ, ಬೊಂಬಾಯಿಯ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿ ಎದ್ದವನು. ಹಿಂದಿನ ಡಿಸೆಂಬರಿನಲ್ಲಿ ಪಿನಾಂಗಿನ ಮೇಲೆ ಬಾಂಬ್ ಬಿದ್ದಾಗ ಹಂಝ ಅವನ ಪಕ್ಕದಲ್ಲೇ ತೀರಿಹೋಗಿದ್ದ. ನಾನು ತವರ ಕೇಳಲು ಹೋದಾಗ ಆ ಮಗ ಬದುಕಿರಲೇ ಇಲ್ಲ.

ಮರುದಿನ ಅವರ ಮನೆಗೆ ಹೋದೆ. ಪರದೆಯ ಈಚೆ ಕೂತು, "ಉಮ್ಮ, ಆ ಬಸ್ಸನ್ನು ಬೇರೆ ದಾರಿಗೆ ಹಾಕಿಸ್ತೇನೆ. ನಿಮ್ಮವರ ಕಣ್ಣಿಗೆ ಬೀಳುವುದು ಬೇಡ," ಎಂದೆ.

"ಬೇಡ," ಎಂದರು ಆಕೆ. "ಅದೇ ದಾರಿಯಲ್ಲಿ ಓಡ್ಲಿ. ಬೇರೆಯವರ ಮಕ್ಕಳು ಬರ್ಲಿಕ್ಕೆ ಉಂಟಲ್ಲ."

ಒಂದು ಲೋಹ ಎಷ್ಟು ಬಿಸಿಗೆ ಕರಗುತ್ತದೆ ಎಂಬುದನ್ನು ವರ್ಕ್‌ಶಾಪಿನಲ್ಲಿ ಯಾರು ಬೇಕಾದರೂ ಕಲಿಯಬಹುದು. ದುರಸ್ತಿ ಮಾಡಿದ ಬಸ್ಸಿಗಾಗಿ ಯಾರು ಕಾಯುತ್ತಿದ್ದಾರೆ ಎಂದು ಯೋಚಿಸುವುದನ್ನು ನನಗೆ ಕಲಿಸಿದವರು ಆ ತಾಯಿ. ನಿವೃತ್ತನಾಗುವವರೆಗೂ, ಕೊನೆಯ ಪ್ರಯಾಣಿಕ ಇಳಿದ ಮೇಲೆ ಒಂದು ಗಳಿಗೆ ಬಾಗಿಲನ್ನೇ ನೋಡುತ್ತಾ ನಿಂತು, ಆಮೇಲೆ ಬಾನೆಟ್ ಎತ್ತುತ್ತಿದ್ದೆ.