ಸಂಜೆ ಗಾಡಿ ಮತ್ತು ಮಾವನ ಮುಖ

ನಮ್ಮ ಅತ್ತೆಗೆ ಬೀದಿಯ ಮಕ್ಕಳು ಇಟ್ಟಿರುವ ಹೆಸರು ‘ಅಲ್ಲಾಡ್ಬೇಡಿ ಅತ್ತೆ’. ಮದುವೆಗೆ ಮುಂಚಿನಿಂದಲೂ ಅವರು ಒಂದೇ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದಾರೆ. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಪಾಸ್‌ಪೋರ್ಟ್ ಅಳತೆಯ ಫೋಟೋ. ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಬೆರಳ ತುದಿಯಿಂದ ಗದ್ದವನ್ನು ಒಂದಿಷ್ಟು ಇಳಿಸಿ, ‘ಅಲ್ಲಾಡ್ಬೇಡಿ’ ಅನ್ನುತ್ತಾರೆ. ಕೂತವರು ಕಣ್ಣು ಮಿಟುಕಿಸುವುದರೊಳಗೆ ಫೋಟೋ ಆಗಿರುತ್ತದೆ. ಅತ್ತೆಯ ಕೈಯಲ್ಲಿ ಗದ್ದ ಮುಟ್ಟಿಸಿಕೊಳ್ಳದವರು ಊರಲ್ಲಿ ಕಡಿಮೆ.

ಅತ್ತೆಯ ಗಂಡ, ಅಂದರೆ ನಮ್ಮ ಮಾವ, ರೈಲ್ವೆ ಗೇಟ್‌ಮನ್. ಅವರದು ಯಾವಾಗಲೂ ಸಂಜೆಯ ಪಾಳಿ. ಊರಿನವರ ಮುಖವನ್ನೆಲ್ಲ ಫೋಟೋ ಮಾಡಿದ ಅತ್ತೆಯ ಹತ್ತಿರ ಮಾವ ಗೇಟಿನಲ್ಲಿ ನಿಂತಿರುವ ಒಂದು ಫೋಟೋ ಇರಲಿಲ್ಲ. ಇವತ್ತಲ್ಲ ನಾಳೆ ತೆಗೆದರಾಯಿತು ಅಂದುಕೊಂಡೇ ವರ್ಷಗಳು ಹೋಗಿದ್ದವು. ಆಮೇಲೆ ಹಳಿಯ ಕೆಳಗೆ ರಸ್ತೆ ಕೊರೆದರು. ತಿಂಗಳ ಕೊನೆಗೆ ಗೇಟನ್ನೇ ಕಿತ್ತು ಮಾವನನ್ನು ಬೇರೆ ನಿಲ್ದಾಣದ ಕೆಲಸಕ್ಕೆ ಹಾಕುತ್ತಾರೆ ಎಂದು ಗೊತ್ತಾಯಿತು. ಅದರೊಳಗೆ ಆ ಫೋಟೋ ಆಗಲೇಬೇಕು ಎಂದು ಅತ್ತೆ ಹಟ ಹಿಡಿದರು.

‘ಹಗಲು ಹೊತ್ತಲ್ಲೇ ಬಂದು ನಿಂತ್ಕೊಳ್ಳಿ, ಒಂದು ನಿಮಿಷದ ಕೆಲಸ,’ ಎಂದರು.

‘ಡ್ಯೂಟಿ ಇಲ್ದೇ ಇರೋವಾಗ ಹೋಗಿ ದೀಪ ಹಿಡ್ಕೊಂಡು ನಿಂತ್ರೆ ಅದು ವೇಷ ಕಣೇ. ಹಗಲಿನ ಗೇಟ್‌ಮನ್ ನಗ್ತಾನೆ.’

‘ಹಾಗಾದ್ರೆ ಕತ್ತಲಲ್ಲಿ ಹೇಗ್ರೀ ತೆಗೀಲಿ?’

‘ಅದು ನಿನ್ನ ಕೆಲಸ. ನನ್ನನ್ನ ಕೇಳಿದ್ರೆ?’

ಮಾವ ಮೇಲಿನವರನ್ನು ಕೇಳಿ ಒಪ್ಪಿಗೆ ತಂದರು. ಬೇಲಿಯ ಹೊರಗೇ ನಿಲ್ಲಬೇಕು, ಫ್ಲಾಶ್ ಹಾಕಕೂಡದು. ಫ್ಲಾಶ್ ಹಾಕಿದರೆ ರೈಲು ಓಡಿಸುವವರ ಕಣ್ಣು ಕೋರೈಸುತ್ತದೆ. ಹಾಗಾಗಿ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಶಟರನ್ನು ತುಂಬ ಹೊತ್ತು ತೆರೆದಿಟ್ಟು, ಇದ್ದಷ್ಟು ಬೆಳಕನ್ನೇ ನಿಧಾನವಾಗಿ ಒಳಗೆ ಬಿಟ್ಟುಕೊಳ್ಳಬೇಕು. ಅತ್ತೆಗೆ ಇದು ಗೊತ್ತಿತ್ತು, ಆದರೆ ಮಾಡಿ ಅಭ್ಯಾಸವಿರಲಿಲ್ಲ.

ಮೊದಲನೆಯ ಸಂಜೆ ಅವರು ಸ್ಟುಡಿಯೋದಲ್ಲಿ ನಿಲ್ಲುವಂತೆಯೇ ನಿಂತರು. ರಸ್ತೆಯ ಮಧ್ಯೆ, ಗೇಟಿಗೆ ಸರಿಯಾಗಿ ಎದುರು, ಮಾವ ಚಿತ್ರದ ನಡುವೆ ಬರುವ ಹಾಗೆ. ಸಂಜೆಯ ರೈಲುಗಾಡಿ ಬಂತು. ಅತ್ತೆ ಶಟರ್ ತೆರೆದು ಬಾಯಲ್ಲೇ ಎಣಿಸಿ ಮುಚ್ಚಿದರು. ಮನೆಗೆ ಬಂದು ನೋಡಿದರೆ ಗೇಟು ಬಂದಿದೆ, ಗಾಡಿಯ ಕಿಟಕಿಗಳ ಬೆಳಕು ಉದ್ದಕ್ಕೆ ಹಳದಿ ಪಟ್ಟಿಯಾಗಿ ಬಂದಿದೆ, ಮಾವ ಇಲ್ಲ. ಅವರಿದ್ದ ಜಾಗದಲ್ಲಿ ಹೊಗೆಯಂಥದ್ದೇನೋ ಇತ್ತು, ಅದರ ಮೂಲಕ ಗಾಡಿ ಕಾಣುತ್ತಿತ್ತು.

‘ನಾನೇನು ದೆವ್ವಾನಾ?’ ಎಂದರು ಮಾವ. ‘ಸಂಬಳ ಮಾತ್ರ ಯಾರು ತಗೊಳ್ತಾ ಇದ್ರು ಇಷ್ಟು ದಿನ?’

‘ನೀವು ಅಲ್ಲಾಡಿದ್ರಿ.’

‘ಅಲ್ಲಾಡದೆ? ಗಾಡಿ ನೋಡೋದು ಯಾರು, ನೀನಾ?’

ಗಾಡಿ ದಾಟುವಾಗ ಗೇಟ್‌ಮನ್ ಸುಮ್ಮನೆ ನಿಲ್ಲುವಂತಿಲ್ಲ. ಚಕ್ರದಲ್ಲಿ ಕಿಡಿ ಬರುತ್ತಿದೆಯೇ, ಕೆಳಗೆ ಏನಾದರೂ ಜೋತಾಡುತ್ತಿದೆಯೇ ಎಂದು ಇಂಜಿನ್ನಿನಿಂದ ಹಿಡಿದು ಕೊನೆಯ ಬೋಗಿಯವರೆಗೆ ನೋಡಬೇಕು. ಮಾವ ಕತ್ತು ಮಾತ್ರ ತಿರುಗಿಸುವವರಲ್ಲ, ಗಾಡಿಯ ಜೊತೆಗೆ ಪೂರ್ತಿ ಮೈ ತಿರುಗಿಸುತ್ತಾರೆ. ಕ್ಯಾಮೆರಾಕ್ಕೆ ಒಂದೇ ಕಡೆ ಇದ್ದದ್ದು ಮಾತ್ರ ಗಟ್ಟಿಯಾಗಿ ಕಾಣುತ್ತದೆ.

ಅತ್ತೆ ಇನ್ನೆರಡು ಸಂಜೆ ಅದೇ ಜಾಗದಲ್ಲಿ ಪ್ರಯತ್ನಪಟ್ಟರು. ಶಟರ್ ತೆರೆದಿಡುವ ಹೊತ್ತನ್ನು ಕಡಿಮೆ ಮಾಡಿದರೆ ಚಿತ್ರ ಇದ್ದಿಲಿನಂತೆ ಕಪ್ಪಾಯಿತು. ಹೆಚ್ಚು ಮಾಡಿದರೆ ಮಾವ ಇನ್ನಷ್ಟು ಮಾಯವಾದರು. ಮೂರನೆಯ ದಿನ ಊಟಕ್ಕೆ ಕೂತಾಗ ಅತ್ತೆ ಮತ್ತೆ ಅದನ್ನೇ ಎತ್ತಿದರು.

‘ಒಂದೇ ಒಂದು ದಿನ ಅಲ್ಲಾಡ್ದೆ ನಿಂತ್ರೆ ಗಾಡಿ ಬಿದ್ದುಹೋಗುತ್ತಾ?’

ಮಾವ ತುತ್ತು ಕೆಳಗಿಟ್ಟರು. ‘ಆ ಒಂದು ದಿನವೇ ಬಿದ್ರೆ? ನೋಡು, ನನಗೆ ಅಲ್ಲಾಡಬೇಡ ಅಂತೀಯ. ನೀನೂ ನಿಂತ ಜಾಗದಿಂದ ಅಲ್ಲಾಡಿಲ್ಲ. ರಸ್ತೆ ಮಧ್ಯ ಮೊಳೆ ಹೊಡೆದ ಹಾಗೆ ಮೂರು ದಿನದಿಂದ ಅಲ್ಲೇ ನಿಂತಿದ್ದೀಯ. ಹಾರ್ನ್ ಹೊಡೆದು ಹೊಡೆದು ಜನ ಸುಸ್ತಾದ್ರು.’

ಅತ್ತೆ ಸಿಟ್ಟಿನಿಂದ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಆದರೆ ಮಾರನೆಯ ಸಂಜೆ ಕ್ಯಾಮೆರಾ ಒಯ್ಯದೆ ಬರಿಗೈಯಲ್ಲಿ ಹೋಗಿ ಬೇಲಿಯ ಉದ್ದಕ್ಕೂ ಓಡಾಡುತ್ತಾ ಮಾವನನ್ನು ನೋಡಿದರು. ಗೇಟು ಹಾಕಿದ ಮೇಲೆ ಮಾವ ಗೇಟಿನ ಬದಿಯ ತಮ್ಮ ಕೋಣೆಯ ಬಾಗಿಲ ಪಕ್ಕ, ಬಲ್ಬಿನ ಕೆಳಗೆ ಬಂದು, ಗಾಡಿ ಬರುವ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತಿದ್ದರು. ಗಾಡಿ ಹತ್ತಿರ ಬರುವವರೆಗೂ ಕಂಬದ ಹಾಗೆ ನಿಂತಿರುತ್ತಿದ್ದರು. ಅತ್ತೆ ಇಷ್ಟು ದಿನ ಶಟರ್ ತೆರೆಯುತ್ತಿದ್ದದ್ದು ಗಾಡಿ ಬಂದ ಮೇಲೆ, ಅಂದರೆ ಮಾವ ಅಲ್ಲಾಡಲು ಶುರು ಮಾಡಿದ ಮೇಲೆ. ಅದಕ್ಕೂ ಮೊದಲೇ ತೆರೆದರೆ ಮಾವ ನಿಂತಷ್ಟು ಹೊತ್ತೂ ಮುಖ ಗಟ್ಟಿಯಾಗಿ ಮೂಡುತ್ತದೆ. ಅಷ್ಟೇ ಅಲ್ಲ, ಎದುರಿನಿಂದ ನೋಡುವಾಗ ಗಾಡಿ ಮಾವನ ಆಚೆ ಬದಿಗೇ ಹೋಗುತ್ತಿತ್ತು, ಅದರ ಬೆಳಕು ಅವರನ್ನು ಅಳಿಸಿಹಾಕುತ್ತಿತ್ತು. ಗಾಡಿ ಬರುವ ಕಡೆ ಬೇಲಿಯ ಪಕ್ಕಕ್ಕೆ ಹೋಗಿ ನಿಂತರೆ ಮಾವನ ಮುಖ ಕ್ಯಾಮೆರಾದ ಕಡೆಗೇ ಇರುತ್ತದೆ, ಬೆನ್ನಿಗೆ ಕೋಣೆಯ ಗೋಡೆ. ಗಾಡಿ ಚಿತ್ರದ ಇನ್ನೊಂದು ಅರ್ಧದಲ್ಲಿ ತನ್ನ ಪಾಡಿಗೆ ತಾನು ಹೋಗುತ್ತದೆ.

ಅಲ್ಲಿಂದ ತೆಗೆದ ಮೊದಲ ಚಿತ್ರದಲ್ಲಿ ಮಾವ ಬಂದರು, ಆದರೆ ಮುಖ ಹಿಟ್ಟು ಬಳಿದಂತೆ ಬೆಳ್ಳಗಾಗಿತ್ತು. ಅತ್ತೆಯ ಹಿಂದಿನಿಂದ ಬಂದ ಇಂಜಿನ್ನಿನ ದೀಪ ನೇರವಾಗಿ ಅವರ ಮೇಲೆ ಬಿದ್ದಿತ್ತು.

‘ದೆವ್ವದಿಂದ ಮೈದಾ ಮಿಲ್ ಕೂಲಿಗೆ ಬಡ್ತಿ ಸಿಕ್ತು,’ ಎಂದರು ಮಾವ.

ಅತ್ತೆ ಸ್ಟುಡಿಯೋದಿಂದ, ಫೋಟೋ ಕಾಗದ ಸುತ್ತಿ ಬರುವ ದಪ್ಪ ಕಪ್ಪು ಹಾಳೆಯ ಒಂದು ತುಂಡು ತಂದರು. ಶಟರ್ ತೆರೆದೇ ಇರುತ್ತದೆ, ಬೇಡದ ಬೆಳಕು ಬಂದಾಗ ಹಾಳೆಯನ್ನು ಲೆನ್ಸಿಗೆ ಅಡ್ಡ ಹಿಡಿಯುವುದು, ಹೋದ ಮೇಲೆ ತೆಗೆಯುವುದು. ಸ್ಟ್ಯಾಂಡಿಗೆ ಕೈ ತಗಲಬಾರದು. ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತು, ಎಣಿಸುತ್ತಾ, ಗಾಳಿಯಲ್ಲಿ ಹಾಳೆ ಹಿಡಿದು ತೆಗೆದು ಅಭ್ಯಾಸ ಮಾಡಿದರು. ಹಾಲು ಉಕ್ಕಿತು.

ಮಳೆ, ಗಾಡಿ ತಡ ಎಂದು ಕೆಲವು ಸಂಜೆಗಳು ಹಾಗೇ ಹೋದವು. ಉಳಿದದ್ದು ಕೊನೆಯ ದಿನ.

ಅವತ್ತು ಗೇಟು ನೋಡಲೆಂದೇ ಜನ ಬಂದಿದ್ದರು. ಅತ್ತೆ ಎಲ್ಲರ ಹತ್ತಿರ ಹೋಗಿ, ಬೈಕು ಕಾರುಗಳ ದೀಪ ಆರಿಸಿ ಎಂದು ಕೇಳಿಕೊಂಡರು. ‘ಉಸಿರಾಡಬಹುದಾ ಅತ್ತೆ?’ ಎಂದು ಯಾರೋ ಕೇಳಿದರು. ಅತ್ತೆ ಬೇಲಿಯ ಪಕ್ಕಕ್ಕೆ ಹೋಗಿ ಕ್ಯಾಮೆರಾದ ಹಿಂದೆ ನಿಂತರು. ಮಾವ ಗೇಟು ಹಾಕಿ ಬಲ್ಬಿನ ಕೆಳಗೆ ನಿಂತರು. ಅತ್ತೆ ಶಟರ್ ತೆರೆದರು. ಇಂಜಿನ್ನಿನ ದೀಪ ಬಿದ್ದಾಗ ಹಾಳೆ ಅಡ್ಡ ಹಿಡಿದರು, ದಾಟಿದ ಕೂಡಲೇ ತೆಗೆದರು. ಬೋಗಿಗಳು ಒಂದೊಂದಾಗಿ ಹೋಗತೊಡಗಿದವು.

ಅಷ್ಟರಲ್ಲಿ ಪಕ್ಕದ ರಸ್ತೆಯಿಂದ, ಏನೂ ಗೊತ್ತಿಲ್ಲದ ಒಂದು ಟೆಂಪೋ ದೊಡ್ಡ ದೀಪ ಹಾಕಿಕೊಂಡು ತಿರುಗಿತು. ಬೆಳಕು ಲೆನ್ಸಿನ ಕಡೆಗೇ ಬರುತ್ತಿತ್ತು. ಹಾಳೆ ಹಿಡಿಯದಿದ್ದರೆ ಮಾವನ ಮುಖ ಹೋಗುತ್ತದೆ. ಹಿಡಿದರೆ ಗಾಡಿ ಹೋಗುತ್ತದೆ, ಅದು ಮತ್ತೆ ಬರುವುದಿಲ್ಲ. ಅತ್ತೆ ಹಾಳೆ ಹಿಡಿದರು.

‘ಲೋ, ದೀಪ ಆರಿಸೋ!’ ಎಂದು ಜನ ಕೂಗಿದರು. ದೀಪ ಆರಿತು. ಅತ್ತೆ ಹಾಳೆ ತೆಗೆದಾಗ ಗಾಡಿ ಗೇಟು ದಾಟಿಹೋಗಿತ್ತು, ದೂರದಲ್ಲಿ ಕೊನೆಯ ಕೆಲವು ಬೋಗಿಗಳು ಮಾತ್ರ ಕಾಣುತ್ತಿದ್ದವು.

ಫೋಟೋದಲ್ಲಿ ಮಾವನ ಮುಖ ಸ್ಪಷ್ಟವಾಗಿದೆ. ಕಣ್ಣು ಸ್ವಲ್ಪ ಕಿರಿದು ಮಾಡಿ, ಬರಬೇಕಾದ ಗಾಡಿಯನ್ನು ನೋಡುತ್ತಿದ್ದಾರೆ. ಗದ್ದ ಮೇಲಕ್ಕೆ ಎತ್ತಿದೆ, ಅದನ್ನು ಯಾರೂ ಇಳಿಸಿಲ್ಲ. ಪಕ್ಕದಲ್ಲಿ ಗಾಡಿಯ ಬೆಳಕಿನ ಪಟ್ಟಿ ಒಂದಷ್ಟು ದೂರ ಹೋಗಿ ನಿಲ್ಲುತ್ತದೆ. ಆಮೇಲೆ ಕತ್ತಲು. ಅದರಾಚೆ ಪಟ್ಟಿ ಮತ್ತೆ ಶುರುವಾಗುತ್ತದೆ.

ಮಾವ ಅದನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. ಅತ್ತೆ ಬಾಗಿಲ ಹತ್ತಿರ ನಿಂತಿದ್ದರು.

‘ಗಾಡಿ ನಡುವೆ ತುಂಡಾಗಿದೆಯಲ್ಲೇ,’ ಎಂದರು ಮಾವ. ‘ಹಿಂದಿನ ಬೋಗಿಗಳು ಕಳಚಿಕೊಂಡಿವೆ. ನಾನು ನೋಡಿಯೂ ಸುಮ್ಮನೆ ನಿಂತಿದ್ದೀನಿ. ಮೇಲಿನವರ ಕಣ್ಣಿಗೆ ಬಿದ್ರೆ ಕೆಲಸದಿಂದ ತೆಗೀತಾರೆ.’

‘ಮುಖ ಹೇಗಿದೆ ಹೇಳಿ.’

‘ಮುಖ ನನ್ನದೇ,’ ಎಂದರು ಮಾವ. ಗೋಡೆಗೆ ಹೊಡೆಯಲು ಮೊಳೆ ಎಲ್ಲಿದೆ ಎಂದು ಕೇಳಿದರು.