ವಿಚಾರಣೆ ಕಿಟಕಿಯ ಕೆಂಡಕ್ಕ

ಸುರಂಗ ರೈಲು ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಮೂವತ್ತೈದು ವರ್ಷ ಕೂತವಳಿಗೆ ಜನರೆಂದರೆ ಆಗುತ್ತಿರಲಿಲ್ಲ. ಜನರಿಗೂ ಅವಳೆಂದರೆ ಆಗುತ್ತಿರಲಿಲ್ಲ. ಸಿಬ್ಬಂದಿ ಎದುರಿಗೆ ಅಕ್ಕ ಎನ್ನುತ್ತಿದ್ದರು, ಹಿಂದಿನಿಂದ ಕೆಂಡಕ್ಕ. ಅದು ಅವಳಿಗೂ ಗೊತ್ತಿತ್ತು, ಬೇಜಾರಿರಲಿಲ್ಲ.

ಗಾಜಿನಲ್ಲಿ ಮಾತಾಡಲೆಂದು ಕೊರೆದ ತೂತುಗಳು ಎದೆಯ ಎತ್ತರಕ್ಕಿದ್ದವು. ಬಂದವರು ಬಗ್ಗಿಯೇ ಕೇಳಬೇಕು.

"ಈ ರೈಲು ಆಸ್ಪತ್ರೆ ಕಡೆ ಹೋಗುತ್ತಾ?"

"ನಿಮ್ಮ ಬೆನ್ನ ಹಿಂದೆ ಆಳೆತ್ತರದ ನಕ್ಷೆ ಇದೆ. ಅದನ್ನ ಗೋಡೆ ಚೆಂದ ಕಾಣಲಿ ಅಂತ ಹಾಕಿಲ್ಲ."

ಆಮೇಲೆ ಹೇಳುತ್ತಿದ್ದಳು. ಯಾವ ದಿಕ್ಕಿನ ರೈಲು, ಎಷ್ಟನೆಯ ನಿಲ್ದಾಣ, ಯಾವ ಬಾಗಿಲಿನಿಂದ ಹೊರಬಿದ್ದರೆ ರಸ್ತೆ ದಾಟುವ ಕಷ್ಟವಿಲ್ಲ, ಎಲ್ಲವನ್ನೂ. ಒಂದು ಸಲವೂ ತಪ್ಪು ಹೇಳಿದವಳಲ್ಲ. ಆದರೆ ಅಷ್ಟು ಹೊತ್ತಿಗೆ ಕೇಳಿದವರ ಮುಖ ಕೆಂಪಾಗಿರುತ್ತಿತ್ತು.

ಆ ನಿಲ್ದಾಣದ ಮೇಲೆ ಅವಳಿಗೆ ಹಳೆಯ ಸಿಟ್ಟಿತ್ತು. ಅದು ಬರುವ ಮೊದಲು ಅಲ್ಲೊಂದು ಅಂಗಡಿ ಬೀದಿ. ಅವಳ ತಾಯಿಯ ಹೊಲಿಗೆ ಅಂಗಡಿ ಅದೇ ಬೀದಿಯಲ್ಲಿತ್ತು: ಎರಡು ಮಷೀನು, ಬಟ್ಟೆ ಕತ್ತರಿಸುವ ಒಂದು ಉದ್ದನೆಯ ಮೇಜು. ಎರಡು ವರ್ಷದಲ್ಲಿ ಮುಗಿಸುತ್ತೇವೆಂದು ಬೀದಿ ಅಗೆದವರು ಆರು ವರ್ಷ ಅಗೆದರು. ಗುಂಡಿಯ ಮೇಲೆ ಹಾಸಿದ ಹಲಗೆ ದಾಟಿ ಅಂಗಡಿಗೆ ಬರಬೇಕು. ಬೆಳಗ್ಗೆ ತಂದುಕೊಟ್ಟ ಬಿಳಿ ಬಟ್ಟೆ ಸಂಜೆಗೆ ಮಣ್ಣಿನ ಬಣ್ಣ. ಗಿರಾಕಿಗಳು ಒಬ್ಬೊಬ್ಬರಾಗಿ ಕಳಚಿಕೊಂಡರು. ಕೊನೆಗೆ ಗೋಡೆಗಳು ಬಿರುಕು ಬಿಟ್ಟು ಒಂಬತ್ತು ಅಂಗಡಿಗಳನ್ನೂ ಕೆಡವಿದರು. ಪರಿಹಾರವೆಂದು ಅಂಗಡಿಗೊಬ್ಬರಿಗೆ ನಿಲ್ದಾಣದಲ್ಲಿ ಕೆಲಸ ಎಂದರು.

ತಾಯಿ ಅರ್ಜಿಯಲ್ಲಿ ಮಗಳ ಹೆಸರು ಬರೆದಳು. ಮೂರು ವರ್ಷ ದೊಡ್ಡವನಾದ ಅಣ್ಣ ಕುದಿದುಹೋದ.

"ನಾನು ಕಣ್ಣೆದುರು ಕಂಬದ ಹಾಗೆ ನಿಂತಿದ್ದೀನಿ. ಅವಳ ಹೆಸರು ಯಾಕಮ್ಮ?"

"ನಿನ್ನ ಸಿಟ್ಟು ಮೂಗಿನ ತುದೀಲೇ ಇರುತ್ತೆ. ಮೂರು ದಿನಕ್ಕೆ ಜಗಳ ಆಡಿ ಎದ್ದು ಬರ್ತೀಯ. ಅವಳು ಸಾಧು."

ತಾಯಿಯ ಅಂದಾಜು ತಪ್ಪೆಂದು ನಿಲ್ದಾಣದವರಿಗೆಲ್ಲ ತಿಳಿಯಲು ಒಂದು ವಾರ ಸಾಕಾಯಿತು. ಅಣ್ಣ ಸಿಟಿ ಬಸ್ಸಿನ ಡ್ರೈವರ್ ಆದ. ಸುರಂಗ ರೈಲು ಓಡತೊಡಗಿದ ಮೇಲೆ ಅವನ ಬಸ್ಸಿನ ಸೀಟುಗಳು ಖಾಲಿಯಾದವು. ಅದಕ್ಕೂ ತಂಗಿಯೇ ಕಾರಣ ಎಂದ. ತಾಯಿ ತೀರಿಕೊಂಡ ವರ್ಷ ಇಬ್ಬರ ಮಾತೂ ನಿಂತಿತು. ಮನೆಯ ಕೆಳಗೆ ಅವಳೊಬ್ಬಳೇ, ಮಹಡಿಯಲ್ಲಿ ಅಣ್ಣ ಅತ್ತಿಗೆ. ಏನಾದರೂ ಹೇಳುವುದಿದ್ದರೆ ಅತ್ತಿಗೆಯ ಬಾಯಲ್ಲಿ. "ಮೋಟರ್ ಆಫ್ ಮಾಡು ಅಂತ ನಿನ್ನ ನಾದಿನಿಗೆ ಹೇಳು" ಎಂದು ಅವನು ಹೇಳುವಾಗ ನಾದಿನಿ ಮೂರಡಿ ದೂರದಲ್ಲೇ ನಿಂತಿರುತ್ತಿದ್ದಳು. ಹತ್ತೊಂಬತ್ತು ವರ್ಷ ಹೀಗೇ ಸಾಗಿತು.

ಅವಳ ಐವತ್ತಾರನೆಯ ವಯಸ್ಸಿನಲ್ಲಿ ನಿಲ್ದಾಣಕ್ಕೆ ಹೊಸ ಮ್ಯಾನೇಜರ್ ಬಂದ. ಇಸ್ತ್ರಿ ಮಾಡಿದ ಅಂಗಿಯಂತೆ ಒಂದು ಸುಕ್ಕೂ ಇಲ್ಲದ ಮಾತು. ನಿಲ್ದಾಣದ ಇತಿಹಾಸ ಮತ್ತು ಸೇವೆಗಳ ಬಗ್ಗೆ ಕರಪತ್ರ ಅಚ್ಚು ಹಾಕಿಸಬೇಕು, ಹಳಬರು ನೀವೇ, ಬರೆದುಕೊಡಿ ಎಂದ. ಅವಳು ನಾಲ್ಕು ದಿನ ಕೂತು ಮೂರು ಪುಟ ಬರೆದಳು. ಆರು ವರ್ಷದ ಅಗೆತ, ಒಂಬತ್ತು ಅಂಗಡಿಗಳ ಹೆಸರು, ಮಣ್ಣು ಕುಸಿದು ಸತ್ತ ಇಬ್ಬರು ಕೂಲಿಯವರು. ಸೇವೆಗಳ ಪಟ್ಟಿಯಲ್ಲಿ: "ಶೌಚಾಲಯ: ಇದೆ. ಬೀಗವೂ ಇದೆ. ಬೀಗದ ಕೈ ಯಾರ ಹತ್ತಿರವಿದೆಯೋ ತಿಳಿಯದು. ಲಿಫ್ಟ್: ಏಳು ತಿಂಗಳಿಂದ ಕೆಟ್ಟಿದೆ."

ಮ್ಯಾನೇಜರ್ ಹಾಳೆಗಳನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದ.

"ಅಕ್ಕ, ಇದು ಇತಿಹಾಸ ಅಲ್ಲ, ಚಾಡಿ."

"ನಡೆದಿದ್ದನ್ನೇ ಬರೆದಿದ್ದೀನಿ."

"ನಡೆದಿದ್ದೆಲ್ಲಾ ಬೇಕು ಅಂತ ನಾನು ಕೇಳಲಿಲ್ಲವಲ್ಲ."

ಅಚ್ಚಾಗಿ ಬಂದ ಕರಪತ್ರದಲ್ಲಿ ನಿಲ್ದಾಣವು "ಅಂಗಡಿಯವರ ತುಂಬು ಸಹಕಾರದಿಂದ ತ್ವರಿತವಾಗಿ" ಕಟ್ಟಲ್ಪಟ್ಟಿತ್ತು. ಲಿಫ್ಟ್ ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಎಂದಿತ್ತು. ಸಹಕಾರ ಎಂಬ ಪದ ಓದಿ ಅವಳು ತನ್ನ ಪಾಲಿನ ಕಟ್ಟನ್ನು ಕಸದ ಬುಟ್ಟಿಗೆ ಎಸೆದಳು. ಬೇರೆ ನಿಲ್ದಾಣಗಳಿಗೆ ಹೋದ ಕಟ್ಟುಗಳು ಹಾಗೇ ಹಂಚಿಹೋದವು.

ಅಣ್ಣ ಆಗ ಬಸ್ಸಿನ ಕೆಲಸದಿಂದ ನಿವೃತ್ತನಾಗಿದ್ದ. ಸ್ನಾನದ ಮನೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದು, ಶಸ್ತ್ರಚಿಕಿತ್ಸೆ ಆಗಿ, ವಾಕರ್ ಹಿಡಿದು ನಡೆಯುತ್ತಿದ್ದ. ಅವನ ಡಾಕ್ಟರು ಇದೇ ನಿಲ್ದಾಣದ ಎದುರಿಗಿದ್ದರು. ಆ ಕಡೆಯ ಬಸ್ಸು ನಿಂತು ಎಷ್ಟೋ ವರ್ಷವಾಗಿತ್ತು. ಅತ್ತಿಗೆ ಕರಪತ್ರ ತೋರಿಸಿ, ಲಿಫ್ಟ್ ಇದೆಯಂತೆ, ರೈಲಲ್ಲೇ ಹೋಗೋಣ ಎಂದಳು. ಮನಸ್ಸಿಲ್ಲದ ಮನಸ್ಸಿನಿಂದ ಹೊರಟ.

ಬೆಳಗಿನ ಹನ್ನೊಂದಕ್ಕೆ ವಿಚಾರಣೆ ಕಿಟಕಿಯ ಫೋನು ಹೊಡೆದುಕೊಂಡಿತು. ಕೆಳಗಿನ ಪ್ಲಾಟ್‌ಫಾರ್ಮಿನ ಕಂಬಕ್ಕೆ ಸಿಕ್ಕಿಸಿದ ಸಹಾಯದ ಫೋನಿನಿಂದ ಕರೆ.

"ಲಿಫ್ಟ್ ಯಾಕ್ರೀ ಬರ್ತಿಲ್ಲ?"

ಅಣ್ಣನ ದನಿ.

"ಎಂಟು ತಿಂಗಳಿಂದ ಸತ್ತು ಬಿದ್ದಿದೆ. ಅದರ ಬಾಗಿಲಿಗೆ ಚೀಟಿ ಅಂಟಿಸಿದ್ದೀನಿ. ಓದೋಕೆ ಬರಲ್ವಾ?"

ಅವನಿಗೂ ದನಿ ಗುರುತು ಸಿಕ್ಕಿತು. "ಓಹೋ, ನೀನಾ! ಕಾಗದದಲ್ಲಿ ಬೆಳಗ್ಗೆ ಆರರಿಂದ ಇದೆ ಅಂತ ಬರೆದಿದೆಯಲ್ಲ?"

"ಹಾಗಿದ್ರೆ ಕಾಗದ ಹತ್ತಿಕೊಂಡು ಬಾ" ಎಂದು ಫೋನು ಕುಕ್ಕಿದಳು.

ಕುಕ್ಕಿದವಳು ಎದ್ದು ಮ್ಯಾನೇಜರನ ಕೋಣೆಗೆ ಹೋದಳು. ಅವನು ಮೀಟಿಂಗ್ ಇದೆ ಎಂದ. ಅವಳು ಅವನೆದುರಿನ ಪ್ಲಾಸ್ಟಿಕ್ ಕುರ್ಚಿಯನ್ನೇ ಎತ್ತಿಕೊಂಡು, ಕಸ ಗುಡಿಸುವ ಇಬ್ಬರನ್ನು ಕರೆದು ಕೆಳಗಿಳಿದಳು. ಅರವತ್ತನಾಲ್ಕು ಮೆಟ್ಟಿಲು. ಅಣ್ಣನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತರು. "ಬಲಕ್ಕೆ ವಾಲ್ತಿದೆ, ಸರಿಯಾಗಿ ಹಿಡೀರಿ" ಎಂದು ಅವಳು ಬೈಯುತ್ತ ಮುಂದೆ, ವಾಕರ್ ಹಿಡಿದು ಏದುಸಿರು ಬಿಡುತ್ತ ಅತ್ತಿಗೆ ಹಿಂದೆ. ಅಣ್ಣ ಕಣ್ಣು ಮುಚ್ಚಿ ಹಲ್ಲು ಕಚ್ಚಿಕೊಂಡಿದ್ದ. ಮೇಲೆ ಬಂದದ್ದೇ ದೂರು ಪುಸ್ತಕ ಕೇಳಿದ.

"ಬರಿ. ಲಿಫ್ಟಿನ ಬಗ್ಗೆ ಚೆನ್ನಾಗಿ ಬರಿ" ಎಂದು ಅವಳೇ ಪೆನ್ನು ಕೊಟ್ಟಳು.

ಅವನು ಒಂದು ಪುಟ ತುಂಬ ಬರೆದು ಹೋದ. ಓದಿದರೆ, ಪೂರ್ತಿ ಅವಳ ಮೇಲೆ. ವಿಚಾರಣೆ ಸಿಬ್ಬಂದಿ ಅಂಗವಿಕಲ ಪ್ರಯಾಣಿಕನಿಗೆ "ಕಾಗದ ಹತ್ತಿಕೊಂಡು ಬಾ" ಎಂದು ಅವಮಾನ ಮಾಡಿದ್ದಾರೆ, ಕ್ರಮ ಕೈಗೊಳ್ಳಬೇಕು. ಅವಳ ಮೈಯೆಲ್ಲ ಉರಿದುಹೋಯಿತು. ಮ್ಯಾನೇಜರ್ ಮಾತ್ರ ಹಿಗ್ಗಿದ. ಲಿಫ್ಟಿನ ದೂರುಗಳನ್ನು ಬರೆದ ಹಾಳೆಗಳೆಲ್ಲ ಪುಸ್ತಕದಿಂದ ಕಿತ್ತು ಬಂದು ಅವನ ಡ್ರಾಯರಿನಲ್ಲೇ ಮಲಗುತ್ತಿದ್ದವು. ಇದನ್ನು ಅಂದೇ ಪ್ರಧಾನ ಕಚೇರಿಗೆ ಕಳಿಸಿದ.

ಎರಡು ವಾರಕ್ಕೆ ವಿಚಾರಣೆ ನಡೆಸಲು ದಪ್ಪನೆಯ ಅಧಿಕಾರಿಯೊಬ್ಬರು ಬಂದರು. ಹೇಳಿಕೆ ಕೊಡಲು ರೈಲಿನಲ್ಲಿ ಬಂದಿಳಿದ ಅಣ್ಣ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ನನಗೆ ಹತ್ತಲು ಆಗುವುದಿಲ್ಲ, ಸಾಹೇಬರೇ ಇಳಿದು ಬರಲಿ ಎಂದು ಹೇಳಿಕಳಿಸಿದ. ಬೇರೆ ದಾರಿಯಿಲ್ಲದೆ ಎಲ್ಲರೂ ಇಳಿದರು.

"ಯಾವ ಕಾಗದ ಹತ್ತು ಅಂದರು?" ಅಧಿಕಾರಿ ಕೇಳಿದರು.

ಅಣ್ಣ ಕರಪತ್ರ ಕೊಟ್ಟ. ಅವರು ಅದನ್ನು ಓದಿದರು, ಲಿಫ್ಟಿನ ಬಾಗಿಲಿನ ಚೀಟಿಯನ್ನೂ ಅದರ ತಾರೀಖನ್ನೂ ಓದಿದರು.

"ಇದರ ಬಗ್ಗೆ ದೂರೇ ಬಂದಿಲ್ಲವಾ?"

"ಇಲ್ಲ ಸರ್" ಎಂದ ಮ್ಯಾನೇಜರ್.

"ನಲವತ್ತೊಂದು ಬಂದಿದೆ" ಎಂದಳು ಅವಳು. "ಇವರ ಡ್ರಾಯರ್ ತೆಗೆಸಿ ನೋಡಿ."

ಅಧಿಕಾರಿ ಅರವತ್ತನಾಲ್ಕು ಮೆಟ್ಟಿಲನ್ನೂ ಹತ್ತಿದರು. ಅರ್ಧದಲ್ಲಿ ಎರಡು ಸಲ ಕೂತರು. ಡ್ರಾಯರ್ ತೆಗೆಸಿ ಎಣಿಸಿದರು. ಒಂಬತ್ತನೆಯ ದಿನಕ್ಕೆ ಲಿಫ್ಟ್ ಓಡಿತು. ಮ್ಯಾನೇಜರನಿಗೆ ಒಂದು ಎಚ್ಚರಿಕೆಯ ಪತ್ರ ಬಂತು, ಅಷ್ಟೇ. ಅವಳಿಗೆ ಒರಟು ಮಾತಿಗಾಗಿ ವರ್ಗಾವಣೆ, ಊರಾಚೆಯ ಕೊನೆಯ ನಿಲ್ದಾಣಕ್ಕೆ.

ಆ ಸಂಜೆ ಅವಳು ಮಹಡಿ ಹತ್ತಿ ಅಣ್ಣನ ಬಾಗಿಲು ಬಡಿದಳು.

"ಸಮಾಧಾನ ಆಯ್ತಾ ನಿನಗೆ?"

"ಲಿಫ್ಟ್ ಆಯ್ತಲ್ಲ" ಎಂದ. "ಇಷ್ಟು ವರ್ಷ ಬಸ್ಸು ಓಡಿಸಿದ್ದೀನಿ. ಬ್ರೇಕ್ ಸರಿಯಿಲ್ಲ ಅಂತ ದೂರು ಕೊಟ್ರೆ ಯಾರೂ ಕಣ್ಣೆತ್ತಿ ನೋಡಲ್ಲ. ಡ್ರೈವರ್ ಸರಿಯಿಲ್ಲ ಅಂತ ಕೊಟ್ರೆ ಅವತ್ತೇ ಮೇಲೆ ಹೋಗುತ್ತೆ."

"ಮೊದಲೇ ಯೋಚಿಸಿ ಬರೆದ್ಯಾ?"

"ಲಿಫ್ಟಿಗೋಸ್ಕರ ಯೋಚಿಸಿ ಬರೆದೆ. ನಿನ್ನ ಬೈದಿದ್ದು ನನ್ನ ಸಂತೋಷಕ್ಕೆ."

ಅವಳು ಬಾಗಿಲನ್ನು ಎಷ್ಟು ಜೋರಾಗಿ ಎಳೆದುಕೊಂಡಳೆಂದರೆ ಚೌಕಟ್ಟಿನ ಗಾರೆ ಉದುರಿತು.

ಹೊಸ ನಿಲ್ದಾಣ ನೆಲದ ಮೇಲೇ ಇತ್ತು. ಕೇಳಲು ಬರುವವರು ದಿನಕ್ಕೆ ಹತ್ತು ಜನವಿಲ್ಲ. ಬೈಯಲು ಯಾರೂ ಸಿಗದೆ ಅವಳು ಸೊರಗಿದಳು. ಎರಡು ವರ್ಷ ಕಳೆದು ನಿವೃತ್ತಳಾದಳು. ಬೀಳ್ಕೊಡುಗೆಗೆ ಹೋಗಲಿಲ್ಲ.

ಉದುರಿದ ಗಾರೆಯನ್ನು ಯಾರು ಮೆತ್ತಿಸಬೇಕೆಂಬುದರ ಮೇಲೆ ಅಣ್ಣ ತಂಗಿಗೆ ಇಂದಿಗೂ ಜಗಳ ನಡೆಯುತ್ತಿದೆ, ಈಗ ನೇರವಾಗಿ, ಮುಖಕ್ಕೆ ಮುಖ ಕೊಟ್ಟು. ಅತ್ತಿಗೆ ಕಿವಿಗೆ ಹತ್ತಿ ತುರುಕಿಕೊಂಡು ಒಳಗಿನ ಕೋಣೆಯಲ್ಲಿ ಕೂರುತ್ತಾಳೆ.